ಇಲೈತಿಯಾ ದೋಣಿಯನ್ನು ಬೈದದ್ದು

ವ್ಯಾಪಾರಿಯ ಲಾಂಚು ಅವತ್ತೂ ತಡವಾಗಿ ಬಂತು. ಬೇಕೆಂದೇ ತಡ ಮಾಡುತ್ತಾರೆಂಬುದು ದ್ವೀಪದ ಕೂಸುಗಳಿಗೂ ಗೊತ್ತು. ಹಿಡಿದ ಮೀನೆಲ್ಲ ಬಿಸಿಲಲ್ಲಿ ಕಣ್ಣು ಬಿಳಿಚಿಕೊಂಡು ಬಿದ್ದ ಮೇಲೆ, ಲಾಂಚಿನ ಆಳು ಬುಟ್ಟಿಯ ಮೇಲೆ ಬಗ್ಗಿ, ಮೂಗು ಮುಚ್ಚಿ, "ವಾಸನೆ" ಎಂದ. ಆ ಒಂದು ಮಾತಿಗೆ ಬೆಲೆ ಅರ್ಧಕ್ಕಿಳಿಯಿತು. ಪೇಟೆ ಮುಟ್ಟಿದ ಕೂಡಲೇ ಅದೇ ಮೀನು ಮತ್ತೆ ತಾಜಾ ಆಗುತ್ತಿತ್ತು.

ಇಲೈತಿಯಾ ಖಾಲಿ ಬುಟ್ಟಿಯನ್ನು ಒದ್ದು, ಸೀದಾ ಮೆಕ್ಯಾನಿಕ್ ಬಿಸೇಸರನ ಶೆಡ್ಡಿಗೆ ನಡೆದ. ಅಲ್ಲೊಂದು ಹಳೆಯ ಮೋಟಾರು ದೋಣಿ ಮಾರಾಟಕ್ಕಿತ್ತು. ಬಣ್ಣ ಕಿತ್ತುಹೋಗಿ ಕಜ್ಜಿ ಹಿಡಿದ ನಾಯಿಯಂತೆ ಬಿದ್ದಿತ್ತು. ಆದರೆ ಹಲಗೆ ತಟ್ಟಿದರೆ ಗಟ್ಟಿ ಸದ್ದು. ಹಗ್ಗ ಎರಡು ಸಲ ಎಳೆದದ್ದೇ, ಎಂಜಿನ್ ನಿದ್ದೆ ಕೆಟ್ಟ ಮುದುಕನಂತೆ ಗೊಣಗಿಕೊಂಡು ಎದ್ದಿತು.

"ಇನ್ನೇನಣ್ಣ ಯೋಚನೆ?" ಎಂದ ಬಿಸೇಸರ್.

"ದೋಣೀದಲ್ಲಪ್ಪ, ನೆಂಟರದ್ದು."

ನೆಂಟರು ಬಂದು ಚಾಪೆಯ ಅಂಚಿಗೆ ಕೂತು "ಕೆರೆಕೆರೆ", ಎಂದರೆ 'ನನಗೆ ಕೊಡು', ಅಂದುಬಿಟ್ಟರೆ ಮುಗಿಯಿತು. ಕೇಳಿದ್ದನ್ನು ಇಲ್ಲವೆನ್ನುವ ನಾಲಿಗೆ ಆ ದ್ವೀಪದಲ್ಲಿ ಹುಟ್ಟಿಯೇ ಇರಲಿಲ್ಲ. ಇಲೈತಿಯಾನ ರೇಡಿಯೋ ಹಾಗೆ ಹೋಯಿತು, ಸೈಕಲ್ಲು ಹೋಯಿತು. ಅವನ ಒಳ್ಳೆಯ ಪ್ಯಾಂಟು ಈಗ ಪ್ರತಿ ಭಾನುವಾರ ಚರ್ಚಿನಲ್ಲಿ ಅವನ ಮುಂದಿನ ಬೆಂಚಿನಲ್ಲೇ ಕೂರುತ್ತಿತ್ತು.

ಅಷ್ಟರಲ್ಲಿ ಭಾವಮೈದುನ ಎಪೇಲಿ ವಾಸನೆ ಹಿಡಿದು ಬಂದ. "ಏನ್ ಭಾವ, ದೋಣಿ ತಗೋತಿದೀಯಂತೆ?"

ಆ ಗಳಿಗೆಯಲ್ಲಿ ಇಲೈತಿಯಾನಿಗೆ ಉಪಾಯ ಹೊಳೆಯಿತು. ಮುಖ ಇಳಿಬಿಟ್ಟ. "ಇದು ದೋಣಿಯೇನೋ? ಜರಡಿ. ತಳದ ತುಂಬ ತೂತು."

"ಮತ್ಯಾಕೆ ತಗೋತೀಯ?"

"ಹಣೆಬರಹ ಕಣೋ. ಮಾತು ಕೊಟ್ಟು ಸಿಕ್ಕಿಬಿದ್ದೆ."

ಮಧ್ಯಾಹ್ನದ ಹೊತ್ತಿಗೆ ತೂತುಗಳು ಊರೆಲ್ಲ ತಿರುಗಿಬಂದಿದ್ದವು. ಬರುವಾಗ ಒಂದಕ್ಕೆ ಹತ್ತಾಗಿದ್ದವು. ಎಂಜಿನ್ ನಡುಗಡಲಲ್ಲಿ ಸಾಯುತ್ತದೆಂದು ಒಬ್ಬ. ಹಿಂದಿನ ಯಜಮಾನ ಬೂಟಿನಲ್ಲಿ ನೀರು ಮೊಗೆದದ್ದನ್ನು ಕಣ್ಣಾರೆ ಕಂಡೆನೆಂದು ಇನ್ನೊಬ್ಬ. ಪಾದ್ರಿಗಳು ತಾವಾಗಿ ಮನೆಗೆ ಬಂದು, ಮುಳುಗಲಿರುವವರಿಗಾಗಿ ಪ್ರಾರ್ಥಿಸಿ, ಮರಗೆಣಸು ತಿಂದು ಹೋದರು.

"ದುಡ್ಡು ಕೊಟ್ಟು ನನ್ನ ವಿಧವೆ ಮಾಡ್ತೀಯಲ್ಲೋ" ಎಂದು ಹೆಂಡತಿ ವಾಸಿತಿ ಮೂಗು ಒರೆಸಿಕೊಂಡಳು. ನಿಜ ಹೇಳೋಣವೆಂದು ಇಲೈತಿಯಾ ಬಾಯಿ ತೆರೆದ. ಅವಳಿಗೆ ಏಳು ಜನ ಅಣ್ಣತಮ್ಮಂದಿರಿರುವುದು ನೆನಪಾಗಿ ಮುಚ್ಚಿಕೊಂಡ.

ಬಿಸೇಸರ್ ಕೆಂಡವಾಗಿದ್ದ. "ಊರೆಲ್ಲ ನನ್ನ ಮರ್ಯಾದೆ ಕಳೆದ್ಯಲ್ಲಣ್ಣ. ಇನ್ನು ನೀನಲ್ದೆ ಯಾರು ತಗೋತಾರೆ? ಒಂದು ಕಾಸೂ ಬಿಡಲ್ಲ."

ಹಂದಿ ಮಾರಿದ ಹಣ ಅಷ್ಟೂ ಹೋಯಿತು. ಹೋಗಲಿ. ದೋಣಿಯನ್ನು ದಡದಲ್ಲಿ ಕಟ್ಟಿ, ಎಂಜಿನ್ ಹೆಗಲಿಗೇರಿಸಿಕೊಂಡು, ಹೆಣ ಹೊತ್ತವನ ಮೋರೆ ಮಾಡಿಕೊಂಡು ಮನೆಗೆ ನಡೆದ. ಒಳಗೊಳಗೆ ಕುಣಿಯುತ್ತಿದ್ದ. ಇನ್ನು ಮೂಗು ಮುಚ್ಚುವವನ ಹಂಗಿಲ್ಲ. ನಾಳೆ ಅವನ ಮೀನು ಅವನ ದೋಣಿಯಲ್ಲೇ ಪೇಟೆಗೆ ಹೋಗುತ್ತದೆ.

ಮನೆಯಲ್ಲಿ ಚಾಪೆಯ ಅಂಚಿಗೆ ಸೋದರತ್ತೆ ಮೆರೆಸೇನಿ ಕೂತಿದ್ದಳು.

"ಮಗಾ, ಅದು ಹೇಗೂ ತೇಲಲ್ಲ ಅಂತೀಯ. ಚರ್ಚಿನ ಮುಂದಿಟ್ಟು, ಮಣ್ಣು ತುಂಬಿ, ದಾಸವಾಳ ಹಾಕ್ತೀವಿ ಹೆಂಗಸರೆಲ್ಲ. ಎಂಜಿನ್ ನೀನೇ ಇಟ್ಕೋ, ನಾವೇನು ಆಸೆಬುರುಕರಲ್ಲ. ಕೆರೆಕೆರೆ."

ಇಲೈತಿಯಾ ಎಂಜಿನ್ ಕೆಳಗಿಳಿಸಿದ. ದೋಣಿ ಒಳ್ಳೆಯದೆಂದರೆ ಏಳು ಭಾವಮೈದುನರು ಬಾಗಿಲಿಗೆ ಬರುತ್ತಾರೆ. ಕೆಟ್ಟದ್ದೆಂದರೆ ಅತ್ತೆ ಆಗಲೇ ಒಳಗೆ ಕೂತಿದ್ದಾಳೆ.

"ಆಗಲಿ ಅತ್ತೆ" ಎಂದ.

ಮಣ್ಣು ತಾನೇ, ಒಂದು ದಿನ ತೋಡಿ ತೆಗೆದರಾಯಿತು ಎಂದು ಸಂಜೆಯವರೆಗೆ ಮನಸ್ಸನ್ನು ತಟ್ಟಿ ಮಲಗಿಸಿದ. ಆಮೇಲೆ ತಡೆಯದೆ ಚರ್ಚಿನ ಕಡೆ ಹೋದ. ದೋಣಿ ಬೋರಲು ಬಿದ್ದಿತ್ತು. ಪಕ್ಕದಲ್ಲಿ ಅತ್ತೆ ಬೈರಿಗೆ ಹಿಡಿದು ಬೆವರು ಒರೆಸಿಕೊಳ್ಳುತ್ತಿದ್ದಳು.

"ಏನ್ ಮಗಾ, ಅತ್ತೆ ಹತ್ರಾನೂ ಸುಳ್ಳಾ? ತಳದ ತುಂಬ ತೂತು ಅಂದೆ. ಹುಡುಕಿ ಹುಡುಕಿ ಸಾಕಾಯ್ತು, ಒಂದಾದ್ರೂ ಬೇಡ್ವಾ? ನೀರು ನಿಂತ್ರೆ ದಾಸವಾಳದ ಬೇರು ಕೊಳೆಯಲ್ವೇನೋ? ಅಷ್ಟನ್ನೂ ನಾವೇ ಕೊರೀಬೇಕಾಯ್ತು."