ಕಾಣುವ ಉಗುರಿನ ಅಪರಾಧ

ಬಹಳ ಹಿಂದೆ, ಪತ್ರಿಕೆ ಓದುವವರು ಯಾರೂ ಹುಟ್ಟಿರದ ಕಾಲದಲ್ಲಿ, ಆದ್ದರಿಂದ ನಿಮ್ಮಲ್ಲಿ ಯಾರಿಗೂ ಸಂಬಂಧಪಡದ ಹಾಗೆ, ನಖಾವತಿ ಎಂಬ ಮೃಗಗಳ ರಾಜ್ಯವೊಂದಿತ್ತು. ಆಳುತ್ತಿದ್ದವನು ಪಟ್ಟೇಂದ್ರನೆಂಬ ಹುಲಿ. ಪರಮಭಟ್ಟಾರಕ, ಅರಣ್ಯಸಾರ್ವಭೌಮ ಮುಂತಾದ ಅವನ ಹತ್ತೊಂಬತ್ತು ಬಿರುದುಗಳನ್ನು ವಂದಿಮಾಗಧರು ಹೇಳಿ ಮುಗಿಸುವಷ್ಟರಲ್ಲಿ ಅವನಿಗೆ ಒಳ್ಳೆಯ ನಿದ್ದೆ ಹತ್ತುತ್ತಿತ್ತು. ರಾಜ್ಯಭಾರ ಶುರುವಾಗುತ್ತಿದ್ದುದೇ ಆಮೇಲೆ.

ಒಂದು ದಿನ ಆ ನಿದ್ದೆ ಕೆಟ್ಟಿತು. ಆಸ್ಥಾನದ ನೆಲಕ್ಕೆ ಹೊಸದಾಗಿ ಪಾಲಿಶ್ ಹಾಕಿಸಿದ್ದರು. ಅದರ ಮೇಲೆ ಟಕಟಕ ಸದ್ದು ಮಾಡುತ್ತ ಜಡೆಯಮ್ಮ ಎಂಬ ಕರಡಿ ಅಹವಾಲು ಹೇಳಿಕೊಳ್ಳಲು ಬಂದಳು. ಹುತ್ತ ಒಡೆದು, ಗೆದ್ದಲು ತಿಂದು, ಎರಡು ಮರಿ ಸಾಕುತ್ತಿದ್ದವಳು. ಅರಮನೆಯ ಹಿತ್ತಲಲ್ಲಿ ಎದ್ದಿರುವ ಹುತ್ತಗಳನ್ನು ಒಡೆದುಕೊಳ್ಳಲು ಅವಳಿಗೆ ಅಪ್ಪಣೆ ಬೇಕಿತ್ತು.

“ಯಾವುದದು ಕರ್ಣಕಠೋರ ನಿನಾದ?” ಎಂದ ರಾಜ.

“ಪ್ರಜೆಗಳ ಉಗುರು, ಪ್ರಭು,” ಎಂದ ಮಂತ್ರಿ ಮೃದುಪಾದ. ಅವನೊಂದು ಕಾಡುಬೆಕ್ಕು.

ರಾಜ ತನ್ನ ಪಾದ ನೋಡಿಕೊಂಡ. ಉಗುರು ಕಾಣಲಿಲ್ಲ. ಹುಲಿ ನಡೆಯುವಾಗ ಅದರ ಉಗುರು ಒರೆಯೊಳಗಿನ ಕತ್ತಿಯಂತೆ ಒಳಗೇ ಇರುತ್ತದೆ, ಬೇಟೆಗೆ ಮಾತ್ರ ಹೊರಬರುತ್ತದೆ. ಇದನ್ನು ಹತ್ತಿರದಿಂದ ತಿಳಿದುಕೊಂಡ ಜಿಂಕೆಗಳು ಬಹಳವಿದ್ದವು, ಆದರೆ ಅವು ಯಾವುವೂ ಹಿಂದಿರುಗಿ ಬಂದು ವರದಿ ಒಪ್ಪಿಸಿರಲಿಲ್ಲ.

“ನಮಗಿಲ್ಲದ್ದು ಇವರಿಗೇಕೆ?”

“ತಾವು ನಾಗರಿಕರು ಪ್ರಭು. ಇವರಿನ್ನೂ ಅಭಿವೃದ್ಧಿಶೀಲರು.”

ಕೂಡಲೇ ಉನ್ನತಾಧಿಕಾರ ಸಮಿತಿ ರಚನೆಯಾಯಿತು. ಅಧ್ಯಕ್ಷ ಮೃದುಪಾದ, ಸದಸ್ಯರು ಅವನ ಭಾವಮೈದುನ ಮತ್ತು ಇಬ್ಬರಿಗೂ ದೂರದ ನೆಂಟನಾದ ಚಿರತೆ. ಮೂವರೂ ತಂತಮ್ಮ ಪಾದಗಳ ಕೂಲಂಕಷ ಅಧ್ಯಯನ ನಡೆಸಿ ಶಾಸನ ಬರೆದರು: ಉಗುರು ಇರುವುದು ಅಪರಾಧವಲ್ಲ, ಕಾಣುವುದು ಅಪರಾಧ. ಮೂರು ದಿನದೊಳಗೆ ಒಳಗೆ ಎಳೆದುಕೊಳ್ಳದವರ ಉಗುರನ್ನು ಸರ್ಕಾರವೇ ಉಚಿತವಾಗಿ ತೆಗೆಸಿಕೊಡುವುದು.

ಪರೀಕ್ಷೆಗೆ ಸಾಲು ನಿಂತಿತು. ಉಗುರಿನ ಬದಲು ಗೊರಸು ಇರುವ ಜಿಂಕೆಗೆ ಆದರ್ಶ ಪ್ರಜೆ ಪ್ರಶಸ್ತಿ ಕೊಟ್ಟು ರಾಜಭೋಜನಕ್ಕೆ ಆಹ್ವಾನಿಸಿದರು. ಅದು ಹೋಯಿತು. ಚಿಪ್ಪುಹಂದಿ ಪಾಪ, ಮಣ್ಣು ಅಗೆಯುವ ಉಗುರು ಸವೆಯದಿರಲೆಂದು ಮಡಚಿಕೊಂಡೇ ನಡೆಯುವ ಜೀವ. ಮಡಚಿದ್ದು ಅಡಗಿಸಿದಂತಾಗದು ಎಂದು ಅದನ್ನು ಫೇಲು ಮಾಡಿದರು. “ಉಗುರು ತೆಗೆದ್ರೆ ಕೊಂಬೆಯಿಂದ ಬಿದ್ಹೋಗ್ತೀನಲ್ಲ ಸ್ವಾಮಿ,” ಎಂದಿತು ಬಾವಲಿ. ಬೀಳುವವರಿಗಾಗಿ ಪ್ರತ್ಯೇಕ ಯೋಜನೆ ಪರಿಶೀಲನೆಯಲ್ಲಿದೆ ಎಂದು ಉತ್ತರ ಬಂತು.

ಜಡೆಯಮ್ಮ ಮೂರು ದಿನವೂ ಉಸಿರು ಬಿಗಿಹಿಡಿದು ಎಳೆದುಕೊಂಡು ನೋಡಿದ್ದಳು.

“ಏನ್ ಮಾಡುದ್ರೂ ಒಳಕ್ಕೋಗಲ್ಲ ಬುದ್ಧಿ. ನಮ್ಮವ್ವಂಗೂ ಹಿಂಗೇ ಇತ್ತು. ಇದ ತಗುದ್ಬುಟ್ರೆ ಹುತ್ತ ಯಾತರಲ್ಲಿ ಒಡೀಲಿ? ಮರಿಗಳಿಗೆ ಏನ್ ಕೊಡ್ಲಿ?”

“ನಿನ್ನ ಪ್ರಯತ್ನ ಸಾಲದಮ್ಮ. ಸಕಾರಾತ್ಮಕವಾಗಿ ಯೋಚನೆ ಮಾಡು,” ಎಂದ ಮೃದುಪಾದ.

ಕಡಿಯುವ ಗುತ್ತಿಗೆ ಹೆಗ್ಗಣಗಳಿಗೆ ಆಗಿತ್ತು. ಅವು ಶ್ರದ್ಧೆಯಿಂದ ಕಡಿದವು. ಅಂದಿನಿಂದ ಜಡೆಯಮ್ಮ ಜೇನಿಗೆಂದು ಮರ ಹತ್ತಿದರೆ ಜಾರಿ ಬೀಳುತ್ತಿದ್ದಳು, ಬಿಸಿಲಿಗೆ ಕಲ್ಲಾದ ಹುತ್ತವನ್ನು ಬರಿ ಅಂಗೈಯಲ್ಲಿ ಗುದ್ದಿ ಗುದ್ದಿ ಸೋಲುತ್ತಿದ್ದಳು. ಮರಿಗಳು ಉದುರಿದ ಹಣ್ಣು ಹುಡುಕಿ ತಿಂದು ಬಡಕಲಾದವು. ಅವುಗಳ ಮುಖ ನೋಡಲು ಅವಳಿಗೆ ನಾಚಿಕೆಯಾಗುತ್ತಿತ್ತು. ರಾಜ್ಯವಂತೂ ನಿಶ್ಶಬ್ದವಾಯಿತು, ಅದನ್ನು ಶಾಂತಿ ಎಂದು ಡಂಗುರ ಸಾರಿದರು.

ಆ ಶಾಂತಿಯಲ್ಲಿ ಕೇಳುವವರಿಲ್ಲದೆ ಕೊಬ್ಬಿದವು ಗೆದ್ದಲು. ಹಿತ್ತಲ ಹುತ್ತಗಳಿಂದ ಹೊರಟು, ಕದ ತಿಂದು, ಕಂಬ ತಿಂದು, ಕೊನೆಗೆ ಸಿಂಹಾಸನದ ಕಾಲಿಗೆ ಬಂದವು. ಒಂದು ಮಧ್ಯಾಹ್ನ ಹದಿನಾಲ್ಕನೆಯ ಬಿರುದಿನ ಹೊತ್ತಿಗೆ ರಾಜ ದೊಪ್ಪನೆ ಕೆಳಗೆ ಬಿದ್ದ.

“ಸಿಂಹಾಸನ ಮುರಿಯಲಿಲ್ಲ ಪ್ರಭು, ತಮ್ಮ ಮುಂದೆ ತಲೆಬಾಗಿತು,” ಎಂದ ಮೃದುಪಾದ. ಅದಿದ್ದ ಜಾಗದಲ್ಲಿ, ಪಾಲಿಶ್ ನೆಲವನ್ನು ಸೀಳಿಕೊಂಡು, ಮೊಣಕಾಲೆತ್ತರದ ಹುತ್ತವೊಂದು ಎದ್ದಿತ್ತು. “ನೋಡಿ ಪ್ರಭು, ಭೂದೇವಿಯೇ ತಮಗಾಗಿ ಪೀಠ ಎತ್ತಿ ಕೊಟ್ಟಿದ್ದಾಳೆ. ಸ್ವಯಂಭೂ. ದಿನೇ ದಿನೇ ತಾನಾಗಿ ಬೆಳೆಯುವ ಪೀಠ ಯಾವ ಚಕ್ರವರ್ತಿಗಿತ್ತು?”

ಶುಭಮುಹೂರ್ತದಲ್ಲಿ ಹುತ್ತದ ಮೇಲೆ ಪಟ್ಟೇಂದ್ರನಿಗೆ ಮರುಪಟ್ಟಾಭಿಷೇಕವಾಯಿತು. ಇಪ್ಪತ್ತನೆಯ ಬಿರುದು ಸೇರಿತು: ವಲ್ಮೀಕಪೀಠಾಧೀಶ್ವರ. ಅದೇ ಸಭೆಯಲ್ಲಿ ಎರಡು ಆಜ್ಞೆ ಹೊರಟವು. ರಾಜ್ಯದ ಹುತ್ತಗಳೆಲ್ಲ ರಾಜಪೀಠದ ಬಂಧುಬಳಗವಾದ್ದರಿಂದ ಮುಟ್ಟಿದವರು ದ್ರೋಹಿಗಳು. ಪೀಠ ಇನ್ನಷ್ಟು ಎತ್ತರವಾಗಬೇಕಾದ್ದರಿಂದ ಪ್ರತಿಯೊಂದು ಸಂಸಾರವೂ ದಿನಕ್ಕೊಂದು ಒಣಮರದ ದಿಮ್ಮಿ ತಂದು ಗೆದ್ದಲಿಗೆ ಉಣಿಸತಕ್ಕದ್ದು.

ಮರುದಿನ ಬೆಳಿಗ್ಗೆ ದಿಮ್ಮಿ ಹೊತ್ತವರ ಸಾಲಿನಲ್ಲಿ ಜಡೆಯಮ್ಮ ನಿಂತಿದ್ದಳು. ಉಗುರಿಲ್ಲದ ಕೈಯಲ್ಲಿ ದಿಮ್ಮಿ ಮತ್ತೆ ಮತ್ತೆ ಜಾರುತ್ತಿತ್ತು. ಚಿಕ್ಕ ಮರಿ ಮೂಗರಳಿಸಿತು.

“ಅವ್ವಾ, ರಾಜ್ರ ಕೆಳಗಿಂದ ನಮ್ ಊಟದ ವಾಸ್ನೆ ಬತ್ತಾ ಅದೆ.”

“ಸುಮ್ಕಿರು ಮಗ,” ಎಂದಳು ಜಡೆಯಮ್ಮ, ದಿಮ್ಮಿಯನ್ನು ಹುತ್ತದ ಬುಡಕ್ಕೆ ಇಳಿಸುತ್ತ. “ಮೊದ್ಲು ಅವುಕ್ಕೆ ಹೊಟ್ಟೆ ತುಂಬ್ಲಿ.”