ಐವತ್ತು ಕೆಬಿಯ ಮಣಿಕಟ್ಟು

ಮನೆಯಲ್ಲಿ ಗಂಡಸಿನ ನೋವನ್ನು ಯಾರೂ ಸುಮ್ಮನೆ ನಂಬುವುದಿಲ್ಲ. ತಪ್ಪು ಪೂರ್ತಿ ಅವರದೂ ಅಲ್ಲ. ತರಕಾರಿ ತರಬೇಕಾದಾಗ ನನಗೆ ಬಂದ ಸೊಂಟನೋವು, ನೆಂಟರ ಗೃಹಪ್ರವೇಶದ ದಿನವೇ ಹಿಡಿದ ತಲೆನೋವು ಎಲ್ಲವೂ ನನ್ನ ಹೆಂಡತಿ ವನಜಳ ನೆನಪಿನಲ್ಲಿವೆ. ಹಾಗಾಗಿ ಅಮೃತಹಳ್ಳಿಯ ನಮ್ಮ ಮನೆಯಲ್ಲಿ ಫ್ಯಾನು ಒರೆಸಲು ಹೋಗಿ ಸ್ಟೂಲಿನಿಂದ ಬಿದ್ದು ಎಡಗೈ ಮಣಿಕಟ್ಟು ಊದಿಸಿಕೊಂಡಾಗ, ಅವಳು ಮೊದಲು ನೋಡಿದ್ದು ಫ್ಯಾನನ್ನು. "ಇನ್ನೂ ಎರಡು ರೆಕ್ಕೆ ಬಾಕಿ ಇದೆಯಲ್ರೀ" ಅಂದಳು.

ಹತ್ತಿರದ ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಕ್ಸ್‌ರೇ ತೆಗೆದು ಚಿತ್ರವನ್ನು ನನ್ನ ಮೊಬೈಲಿಗೆ ಕಳಿಸಿದರು. ವನಜಳ ಅಣ್ಣ ತುಮಕೂರಿನಲ್ಲಿ ಮೂಳೆ ಡಾಕ್ಟರು. "ನಮ್ಮ ಮನೇಲೇ ಡಾಕ್ಟರಿದಾರೆ, ರಿಪೋರ್ಟು ಬೇಡ" ಎಂದು ಜಂಬದಿಂದ ಹೇಳಿ ಬಂದೆ. ಇಲ್ಲೊಂದು ವಿಷಯ ಒಪ್ಪಿಕೊಳ್ಳಬೇಕು. ನಾನು ಯಲಹಂಕದ ಕಡೆಯ ಒಂದು ಕಾಲೇಜಿನಲ್ಲಿ ಪ್ರವೇಶದ ಅರ್ಜಿಗಳನ್ನು ನೋಡುವವನು. ಫೋಟೊ ಐವತ್ತು ಕೆಬಿ ಮೀರಿದರೆ ನಮ್ಮ ಕಂಪ್ಯೂಟರು ಮುಟ್ಟುವುದಿಲ್ಲ. ದಿನವಿಡೀ ವಿದ್ಯಾರ್ಥಿಗಳ ಮುಖ ಕುಗ್ಗಿಸಿ ಕುಗ್ಗಿಸಿ, ದೊಡ್ಡ ಚಿತ್ರ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಎಕ್ಸ್‌ರೇಯನ್ನೂ ಐವತ್ತು ಕೆಬಿಗೆ ಇಳಿಸಿಯೇ ಕಳಿಸಿದೆ. ಭಾವನವರಿಗೆ ಬೇಗ ತೆರೆದುಕೊಳ್ಳಲಿ ಎಂಬ ಸದುದ್ದೇಶವೂ ಇತ್ತು.

"ಮೂಳೆ ಗಟ್ಟಿಯಾಗಿದೆ, ಬರೀ ಉಳುಕು. ಕೈಗೆ ಕೆಲಸ ಕೊಡ್ತಾ ಇರಿ, ಸರಿಹೋಗುತ್ತೆ" ಎಂದು ಭಾವ ಫೋನಿನಲ್ಲಿ ಹೇಳಿದರು. ಸ್ಪೀಕರ್ ಹಾಕಿದ್ದು ನನ್ನ ತಪ್ಪು. ಮುಂದಿನ ಹತ್ತು ದಿನ ನನ್ನ ಕೈಗೆ ಕೆಲಸದ ಕೊರತೆಯಾಗಲಿಲ್ಲ. ಚಪಾತಿ ಲಟ್ಟಿಸಿದೆ, ಬಟ್ಟೆ ಹಿಂಡಿದೆ, ಬಾಕಿ ಇದ್ದ ಎರಡು ರೆಕ್ಕೆಗಳನ್ನೂ ಒರೆಸಿದೆ. ನರಳಿದರೆ "ಅಣ್ಣ ಏನಿಲ್ಲ ಅಂದಿದಾನಲ್ಲ" ಎಂಬ ಉತ್ತರ. ಹನ್ನೊಂದನೆಯ ದಿನ ಕಾಫಿ ಲೋಟ ಹಿಡಿಯಲಾರದೆ ಕೈಬಿಟ್ಟಾಗ ವನಜಳ ಮುಖ ಬದಲಾಯಿತು. "ನಡೀರಿ, ಆಸ್ಪತ್ರೆಗೆ ಹೋಗೋಣ" ಎಂದು ಅವಳೇ ಆಟೊ ಕರೆದಳು.

ಹೆಬ್ಬಾಳದ ಹತ್ತಿರದ ಆಸ್ಪತ್ರೆಯಲ್ಲಿ ಡಾಕ್ಟರಮ್ಮ, ಸ್ಕ್ಯಾನಿಂಗ್ ಸೆಂಟರಿನವರು ಕಳಿಸಿದ್ದ ಮೂಲ ಚಿತ್ರವನ್ನು ದೊಡ್ಡ ಪರದೆಯಲ್ಲಿ ತೆರೆದರು. "ಇಲ್ಲೇ ಇದೆ ನೋಡಿ, ಕೂದಲೆಳೆಯಷ್ಟು ಬಿರುಕು." ನನಗೆ ಎಷ್ಟು ಸಂತೋಷವಾಯಿತೆಂದರೆ, ಥ್ಯಾಂಕ್ಸ್ ಅಂದುಬಿಟ್ಟೆ. ಅವರು ನನ್ನ ತಲೆಗೂ ಏಟು ಬಿದ್ದಿದೆಯೇ ಎಂದು ವಿಚಾರಿಸಿದರು. ವನಜ ಕಣ್ಣೊರೆಸಿಕೊಳ್ಳುತ್ತ ಹೊರಗೆ ಹೋದಳು. ಭಾವನವರಿಗೆ ಕಳಿಸಿದ್ದ ಚಿತ್ರವನ್ನೂ ತೋರಿಸಿದೆ. "ಯಾರ್ರೀ ಇದನ್ನ ಇಷ್ಟು ಕುಗ್ಗಿಸಿದ್ದು? ಕುಗ್ಗಿಸಿದ್ರೆ ಮೊದಲು ಅಳಿಸಿಹೋಗೋದೇ ಇಂಥ ಸಣ್ಣ ಗೆರೆಗಳು. ಇದರಲ್ಲಿ ಯಾರಿಗೂ ಬಿರುಕು ಕಾಣಲ್ಲ" ಎಂದರು. ಮೊಬೈಲೇ ಹಾಗೆ ಮಾಡಿರಬೇಕು ಎಂದೆ.

ಹೊರಗೆ ವನಜ ಅಣ್ಣನಿಗೆ ಫೋನು ಮಾಡಿದ್ದಳು. "ಪಾಪ, ಅಷ್ಟು ನೋವು ಅಂತಿದ್ರು ಕಣೋ. ನಿನ್ನ ಮಾತು ಕೇಳಿ ಬಟ್ಟೆ ಹಿಂಡಿಸಿಬಿಟ್ಟೆ." ಎದ್ದುಹೋಗಿ ನಿಜ ಹೇಳಬಹುದಿತ್ತು. ಆದರೆ ಅವಳು ನನಗೆ ಪಾಪ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸ್ವಲ್ಪ ಹೊತ್ತು ಕೇಳಿಸಿಕೊಳ್ಳೋಣ ಎಂದು ಕೂತೆ. ಆಮೇಲೆ ಸಮಯ ಮೀರಿಹೋಯಿತು.

ಎರಡು ವಾರ ಬಿಟ್ಟು ಭಾವ ನನ್ನ ಪ್ಲಾಸ್ಟರಿನ ಕೈ ನೋಡಲು ತುಮಕೂರಿನಿಂದ ಬಂದರು, ಹೊಸ ಕನ್ನಡಕ ಹಾಕಿಕೊಂಡು. "ಅಷ್ಟು ದೊಡ್ಡ ತಪ್ಪು ಮಾಡಿದ್ನಲ್ಲ ಅಂತ ಕಣ್ಣಿನ ಡಾಕ್ಟರಿಗೆ ತೋರಿಸಿದೆ. ನಂಬರ್ ಬದಲಾಗಿಲ್ಲ ಅಂದ್ರು. ನಾನೇ ಹಟ ಮಾಡಿ ಹೊಸದು ಮಾಡಿಸ್ಕೊಂಡೆ. ಈಗ ಎಲ್ಲಾ ಎಷ್ಟು ಸ್ಪಷ್ಟವಾಗಿ ಕಾಣುತ್ತೆ ಗೊತ್ತಾ" ಎಂದು ನನ್ನ ಮುಖವನ್ನೇ ನೋಡಿದರು.

ಫ್ರೇಮು ನಿಮಗೆ ಚೆನ್ನಾಗಿ ಒಪ್ಪುತ್ತದೆ ಭಾವ, ಎಂದೆ.