ಕಾರ್ಡಿಗೆ ಐದು ಸಹಿ

"ನಾಲ್ಕು ತಿಂಗಳು ಈ ಗೋಡೆಗೆ ಸ್ಪ್ಯಾನಿಷ್ ಹೇಳಿಕೊಟ್ಟಿದ್ರೆ ಪ್ರತಿಧ್ವನಿಯಾದ್ರೂ ಬರ್ತಿತ್ತು. ನಿನ್ನಿಂದ ಅದೂ ಇಲ್ಲ," ಎಂದರು ಮೇಷ್ಟ್ರು, ಇಡೀ ತರಗತಿಯ ಮುಂದೆ. ಹದಿನೆಂಟು ಜನ ನಕ್ಕರು. ಹಿಂದಿನ ಬೆಂಚಿನವನೊಬ್ಬ ಗೋಡೆಗೆ ಕಿವಿಯಿಟ್ಟು ಆಲಿಸುವ ನಾಟಕವನ್ನೂ ಆಡಿದ.

ಕಾರಣ ಅಂಗೈಯಗಲದ ಒಂದು ಕಾರ್ಡು. ಒಂದು ಸೆಮಿಸ್ಟರ್ ಪರದೇಶಕ್ಕೆ ಬಂದು ಭಾಷೆ, ಸಂಸ್ಕೃತಿ ಕಲಿಯುವವರು ತಾವಿರುವ ಬೀದಿಯ ಐದು ಜನರೊಡನೆ ಹತ್ತತ್ತು ನಿಮಿಷ ಮಾತಾಡಿ ಅದರ ಮೇಲೆ ಸಹಿ ಹಾಕಿಸಿಕೊಂಡು ಬರಬೇಕಿತ್ತು. ಉಳಿದವರದು ಮೊದಲ ತಿಂಗಳೇ ಮುಗಿದಿತ್ತು. ಗೋಡೆಗಿಂತ ಕಡೆಯೆನಿಸಿಕೊಂಡ ಈ ಕನ್ನಡದ ಹುಡುಗನ ಕಾರ್ಡು ಮಾತ್ರ ತೊಳೆದಿಟ್ಟ ತಟ್ಟೆಯಂತೆ ಹೊಳೆಯುತ್ತಿತ್ತು. ಬಾಯಿ ಬಿಟ್ಟರೆ ಎಲ್ಲಿ ತಪ್ಪಾದೀತೋ ಎಂಬ ಭಯಕ್ಕೆ ನಾಲ್ಕು ತಿಂಗಳೂ ಬೆರಳು ತೋರಿಸಿಯೇ ಬ್ರೆಡ್ಡು ಕೊಂಡಿದ್ದ. ಇವತ್ತು ಐದು ಗಂಟೆಯೊಳಗೆ ಕಾರ್ಡು ತುಂಬದಿದ್ದರೆ ಫೇಲು. ಫೇಲಾದರೆ ಊರಲ್ಲಿ ಚಿಕ್ಕಪ್ಪನ ಅಂಗಡಿಯಲ್ಲಿ ಪೊಟ್ಟಣ ಕಟ್ಟುವುದೇ ಗತಿ. ವಿಮಾನ ಹತ್ತಿಸಲು ಬಂದಿದ್ದ ಚಿಕ್ಕಪ್ಪ, "ಹೋಗ್ ಬಾ ಮಗಾ, ನಿನ್ನ ಸ್ಟೂಲು ಬೇರೆ ಯಾರಿಗೂ ಕೊಡಲ್ಲ," ಎಂದೇ ಹರಸಿ ಕಳಿಸಿದ್ದ.

ಮೊದಲು ಬೀದಿಯ ಕ್ಷೌರದಂಗಡಿಗೆ ಹೋದ. ಅಂಗಡಿಯವನು ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ, ಬೆಳಕಿಗೆ ಹಿಡಿದು, ಕೊನೆಗೆ ಮೂಸಿಯೂ ನೋಡಿದ.

"ಹೋದ ವರ್ಷ ಹೀಗೇ ಒಬ್ಬ ನಗ್ತಾ ಬಂದ, ಸಹಿ ಹಾಕಿಸ್ಕೊಂಡ. ಮಾರನೇ ವಾರ ನಗರಸಭೆಯವರು ಬಸ್ ಸ್ಟಾಪೇ ಕಿತ್ಕೊಂಡು ಹೋದ್ರು. ನೀನು ಏನು ಕೀಳೋಕೆ ಬಂದಿದ್ದೀಯಪ್ಪ?"

ಇವನು ತಡವರಿಸಿದ. ತಡವರಿಸಿದ್ದೇ ತಡ, ಅನುಮಾನಕ್ಕೆ ಕಾಲು ಬಂತು. ಇವನು ಬ್ರೆಡ್ಡಿನಂಗಡಿ ಮುಟ್ಟುವ ಮೊದಲೇ ಸುದ್ದಿ ಮುಟ್ಟಿತ್ತು. ಬ್ರೆಡ್ಡಿನವನು ಪೆನ್ನನ್ನೇ ಡ್ರಾಯರಿಗೆ ಹಾಕಿ ಬೀಗ ಜಡಿದ. ಚಪ್ಪಲಿ ಹೊಲಿಯುವವನು ತನಗೆ ಓದು ಬರಹ ಬಾರದೆಂದ, ಪತ್ರಿಕೆ ಮಡಚುತ್ತ. ಹಾಳಾಗಲಿ, ಮನೆಯೊಡತಿಯಾದರೂ ಹಾಕಿಯಾಳೆಂದು ಬಂದರೆ ಅವಳು ಸೌಟು ಹಿಡಿದೇ ಬಾಗಿಲಲ್ಲಿ ನಿಂತಿದ್ದಳು.

"ನಿಂಗೆ ಮಾತು ಬರುತ್ತಾ? ಪಾಪ, ಹುಟ್ಟು ಮೂಗ ಅಂತ ನಾಲ್ಕು ತಿಂಗಳಿಂದ ಒಂದು ಸೌಟು ಸೂಪು ಜಾಸ್ತಿ ಹಾಕ್ತಿದ್ದೀನಲ್ಲೋ!"

ಅಲ್ಲಿಗೆ ಬೀದಿಗೆ ಬೀದಿಯೇ ಸೇರಿತು. ಇವನನ್ನು ಕ್ಷೌರದ ಕುರ್ಚಿಯಲ್ಲಿ ಕೂರಿಸಿ, ಅಭ್ಯಾಸಬಲಕ್ಕೆ ಕೊರಳಿಗೆ ಬಟ್ಟೆಯನ್ನೂ ಕಟ್ಟಿ ವಿಚಾರಣೆ ಶುರು ಮಾಡಿದರು. ಯಾರ ಕಡೆಯವನು? ಇಷ್ಟು ದಿನ ಮೂಗನಾಗಿ ಏನೇನು ಕೇಳಿಸಿಕೊಂಡೆ? ಮುಂದಿನ ಸಲ ಕೀಳುವುದು ದೀಪದ ಕಂಬವೋ, ನಲ್ಲಿಯೋ? ತರಕಾರಿಯವಳು ಸೊಂಟಕ್ಕೆ ಕೈಯಿಟ್ಟು ಅವನ ಅಜ್ಜಿಯಿಂದ ಹಿಡಿದು ಹುಟ್ಟದ ಮಕ್ಕಳವರೆಗೆ ಜಾಲಾಡಿದಳು.

ಅಜ್ಜಿಯ ಸುದ್ದಿ ಬಂದಾಗ ಅವನೊಳಗಿನ ಕೆರೆ ಕಟ್ಟೆಯೊಡೆಯಿತು. ಅವಳಂದ ಬೈಗುಳಗಳನ್ನೇ ಎತ್ತಿ ಅವಳತ್ತ ತೂರಿದ. ಅವಳು ಹೊಸದನ್ನು ತೆಗೆದಳು. ಅದನ್ನೂ ಕಲಿತು ವಾಪಸು ಕೊಟ್ಟ. ಕ್ಷೌರಿಕನ ಕತ್ತರಿಗಿಂತ ಕಿವಿಯೇ ಹರಿತವೆಂದ. ಬ್ರೆಡ್ಡಿನವನ ಬ್ರೆಡ್ಡಿಗೆ ಗೋಡೆ ಕಟ್ಟಬಹುದೆಂದ. ಸೂಪಿನಲ್ಲಿ ತರಕಾರಿ ಹುಡುಕಲು ದೋಣಿ ಬೇಕೆಂದ. ಎರಡು ಗಂಟೆ ಕಾಲ ಒಂದೇ ಸಮ ಜಗಳ. ನಡುವೆ ಒಂದು ಬೈಗುಳಕ್ಕೆ ತರಕಾರಿಯವಳೇ ಮೆಚ್ಚಿ ತಲೆದೂಗಿದಳು. ಆದರೆ ಸಹಿ ಮಾತ್ರ ಯಾರೂ ಹಾಕಲಿಲ್ಲ. ಕಾರ್ಡಿನ ಮೇಲಿದ್ದ ಶಾಲೆಯ ವಿಳಾಸವನ್ನು ಕ್ಷೌರಿಕ ಬರೆದುಕೊಂಡ, ಅಷ್ಟೇ.

ಐದಕ್ಕೆ ಐದು ನಿಮಿಷವಿರುವಾಗ ಖಾಲಿ ಕಾರ್ಡು ಹಿಡಿದು ತರಗತಿಗೆ ಬಂದರೆ, ಮೇಷ್ಟ್ರ ಕೈಯಲ್ಲಿ ಆಗಲೇ ಒಂದು ಕಾಗದವಿತ್ತು. ಬೀದಿಯವರ ದೂರು. ಮೇಷ್ಟ್ರು ಎಲ್ಲರಿಗೂ ಕೇಳುವಂತೆ ಓದಿದರು: "ಈತ ಭಾಷೆ ಕಲಿಯಲು ಬಂದ ವಿದ್ಯಾರ್ಥಿ ಎಂಬುದು ಸುಳ್ಳು. ನಮ್ಮೊಡನೆ ಎರಡು ಗಂಟೆ ಜಗಳವಾಡಿದ್ದಾನೆ. ಇಲ್ಲಿ ಹುಟ್ಟಿ ಬೆಳೆಯದವನು ಹೀಗೆ ಜಗಳವಾಡಲಾರ." ಕೆಳಗೆ ಹನ್ನೊಂದು ಸಹಿ. ಕ್ಷೌರಿಕನದೇ ಎಲ್ಲಕ್ಕಿಂತ ದೊಡ್ಡದು.

ಅವನ ಎದೆಯುಬ್ಬಿತು. ಕೇಳಿದ್ದು ಐದು, ಬಂದದ್ದು ಹನ್ನೊಂದು. ಚಿಕ್ಕಪ್ಪನ ಸ್ಟೂಲಿಗೆ ಗೆದ್ದಲು ಹತ್ತಲಿ!

ಮೇಷ್ಟ್ರು ಕಾಗದ ಮಡಚಿ, ಕನ್ನಡಕದ ಮೇಲಿಂದ ನೋಡಿದರು. "ಯಾರನ್ನ ಕಳಿಸಿದ್ದೆ?"

ಅವನಿಗೆ ಅರ್ಥವಾಗಲಿಲ್ಲ.

"ನಾಲ್ಕು ತಿಂಗಳಲ್ಲಿ ನಿನ್ನ ಬಾಯಿಂದ ನಾಲ್ಕು ಮಾತು ಕೇಳಿಲ್ಲ ನಾನು. ನಿನ್ನ ಬದಲು ಇಲ್ಲಿನವನೊಬ್ಬನನ್ನ ಹಿಡಿದು ಕಳಿಸಿದ್ದೀಯ. ಅಲ್ಲಾಂದ್ರೆ, ಎಲ್ಲಿ, ಈಗ ಒಂದು ಉತ್ತರ ಹೇಳು. ಸ್ಪ್ಯಾನಿಷ್‌ನಲ್ಲೇ ಹೇಳು."

ಉತ್ತರ ಬಂತು. ಮೊದಲು ಕನ್ನಡದಲ್ಲಿ ಯೋಚಿಸಿ ಆಮೇಲೆ ತಿರುಗಿಸುವ ಗೋಳಿಲ್ಲದೆ, ಹೊಳೆಹೊಳೆಯುತ್ತ ನಾಲಗೆಯ ತುದಿಗೇ ಬಂದು ಕೂತಿತು. ಆದರೆ ಅದು ಅಷ್ಟೂ ತರಕಾರಿಯವಳದು. ಮೇಷ್ಟ್ರ ಅಜ್ಜಿಯಿಂದ ಶುರುವಾಗಿ ಮೀಸೆಯಲ್ಲಿ ಮುಗಿಯುತ್ತಿತ್ತು. ಬೇರೆ ಮಾತಿಗಾಗಿ ತಲೆಯೆಲ್ಲ ತಡಕಿದ. ಇದ್ದದ್ದೆಲ್ಲ ಅದೇ ಬುಟ್ಟಿಯ ಮಾಲು. ಅದನ್ನು ಬಾಯಿಬಿಟ್ಟು ಅಂದರೆ ಶಾಲೆಯಿಂದ ಹೊರಗೆ. ಅನ್ನದಿದ್ದರೆ ಫೇಲು.

ಹಲ್ಲು ಕಚ್ಚಿ ಅದನ್ನು ನುಂಗಿದ. ಖಾಲಿ ಕಾರ್ಡನ್ನು ಮೇಜಿನ ಮೇಲಿಟ್ಟ.

"ನೋಡಿದ್ರಾ," ಎಂದರು ಮೇಷ್ಟ್ರು ತರಗತಿಗೆ. "ಗೋಡೆ."

ಹದಿನೆಂಟು ಜನರ ನಗು ಮೆಟ್ಟಿಲಿನವರೆಗೂ ಬೆನ್ನಟ್ಟಿ ಬಂತು.